ಕೊಳದ ನಡುವೆ ಧರಣಿ

ಸಮುದ್ರ ಮಲ್ಪೆಯನ್ನು ನುಂಗಿದ ಮೇಲೆ ಅಲ್ಲಿನವರು ಮೂರನೇ ಮಹಡಿಗಳಲ್ಲೇ ಸಂಸಾರ ಹೂಡಿದ್ದರು. ಸುಗಂಧಿ ಖಾರ್ವಿ ಶಾಲೆಗೆ ಹೋದದ್ದೂ ಈಜಿಕೊಂಡೇ. ಯುದ್ಧವಿಮಾನ ಹಾರಿಸುವ ತರಬೇತಿಗೆ ಸೇರಲು ಬೂಟು ಹಾಕಿಕೊಂಡು ಈಜುವ ಪರೀಕ್ಷೆ ಪಾಸಾಗಬೇಕೆಂದು ತಿಳಿದ ಮೇಲೆ, ಆರು ತಿಂಗಳು ಅಪ್ಪನ ಗಂಬೂಟಿನಲ್ಲೇ ಅಲೆಗಳ ಜೊತೆ ಗುದ್ದಾಡಿದ್ದಳು.

ಘಟ್ಟದ ಮೇಲಿನ ಆಯ್ಕೆ ಕೇಂದ್ರದಲ್ಲಿ ಅಧಿಕಾರಿ ಅವಳ ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. "ಈಜುಕೊಳದ ಸರ್ಟಿಫಿಕೇಟ್ ಇಲ್ಲವಲ್ಲಮ್ಮ. ಅದಿಲ್ಲದೆ ಪರೀಕ್ಷೆಗೆ ಇಳಿಸೋ ಹಾಗಿಲ್ಲ."

"ನಮ್ಮ ಊರೇ ನೀರಿನಡಿ ಉಂಟು ಸರ್. ರೇಷನ್ ತರ್ಲಿಕ್ಕೂ ನಾವು ಈಜಿಯೇ ಹೋಗುವುದು."

"ಸಮುದ್ರದ ಈಜು ಲೆಕ್ಕಕ್ಕಿಲ್ಲ."

ಸುಗಂಧಿಗೆ ಮೈಯೆಲ್ಲ ಉರಿದುಹೋಯಿತು. ಊರು ಮುಳುಗುವಾಗ ಒಂದು ದೋಣಿ ಕಳಿಸದವರು ಈಗ ಈಜಿಗೆ ಕಾಗದ ಕೇಳುತ್ತಿದ್ದಾರೆ! ಅವಳು ಬೂಟುಗಾಲಲ್ಲೇ ಹೋಗಿ ಕೇಂದ್ರದ ಪರೀಕ್ಷೆಯ ಕೊಳಕ್ಕೆ ಧುಮುಕಿದಳು.

"ಏಯ್, ಹೊರಗೆ ಬಾ!"

"ಪರೀಕ್ಷೆ ತಕ್ಕೊಳ್ಳುವವರೆಗೆ ಬರುವುದಿಲ್ಲ ಸರ್."

ನಿಯಮದ ಪ್ರಕಾರ ತೇಲಬೇಕಾದದ್ದು ಹತ್ತು ನಿಮಿಷ. ಅವಳು ಅಂಚು ಮುಟ್ಟದೆ ನಾಲ್ಕು ಗಂಟೆ ತೇಲಿದಳು. ಸರ್ಟಿಫಿಕೇಟ್ ಇದ್ದ ಅಭ್ಯರ್ಥಿಗಳೆಲ್ಲ ತಮ್ಮ ಸರದಿಗಾಗಿ ದಡದಲ್ಲಿ ಕಾದು ಕೂತರು. ಕೊನೆಗೆ ಅಧಿಕಾರಿ ಅರ್ಜಿಗೆ ಮೊಹರು ಒತ್ತಿ ಎತ್ತಿ ತೋರಿಸಿದರು. "ಪಾಸು. ಬಾರಮ್ಮ ಮೇಲೆ."

ಸುಗಂಧಿ ಕೊಳದ ನಡುವಿನಿಂದ ಕದಲಲಿಲ್ಲ. "ನೀವು ಹೀಗೆಯೇ ವಾಪಸ್ ಕಳಿಸಿದ ನಮ್ಮೂರಿನವರು ಇನ್ನೂ ಏಳು ಜನ ಗೇಟಿನ ಹೊರಗೆ ಇದ್ದಾರೆ ಸರ್. ಅವರನ್ನೂ ಒಳಗೆ ಬಿಡಿ, ಆಮೇಲೆ ಬರ್ತೇನೆ."