ಎರಡು ಏಟಿಗೆ ರೈಟ್

ಬಣ್ಣ ಬಳಿಯುವವರ ಆ ವ್ಯಾನಿನಲ್ಲಿ ಒಂದು ರೂಢಿಯಿತ್ತು. ಕೆಲಸದಾಳು ಮಾದೇಶ ಚಪ್ಪಲಿ ಒಳಗೆ ಬಿಟ್ಟು, ಟಾಪಿನ ಮೇಲೆ ಹತ್ತಿ ಏಣಿ ಬಿಗಿದು, ಗಂಟು ಗಟ್ಟಿಯಿದೆಯೇ ಎಂದು ಬಡಿದು ನೋಡಿ ಕೆಳಗಿಳಿಯುತ್ತಿದ್ದ. ಹಿಂದಿನ ಬಾಗಿಲಿನಿಂದ ಒಳಗೆ ಹತ್ತಿ ಟಾಪಿಗೆ ಎರಡು ಏಟು ಹೊಡೆದರೆ ಗಾಡಿ ಹೊರಡಬೇಕು, ಒಂದೇ ಏಟು ಹೊಡೆದರೆ ನಿಲ್ಲಬೇಕು.

ಅಂದು ಮೋಡ ಕವಿದು ದಪ್ಪ ಹನಿ ಬೀಳತೊಡಗಿತ್ತು.

"ಬೇಗ ಬಿಗಿಯೋ ಮಾರಾಯ!" ಎಂದು ಡ್ರೈವರ್ ಕೂಗಿದ. ಡಬ್ ಡಬ್ ಎಂದು ಕೇಳಿಸಿತು. ಹೊರಟೇಬಿಟ್ಟ.

ಊರು ದಾಟುವಷ್ಟರಲ್ಲಿ ಮತ್ತೆ ಡಬ್ ಡಬ್. ಪಕ್ಕದಲ್ಲಿ ಕೂತಿದ್ದ ಮೇಸ್ತ್ರಿಗೆ ಕಸಿವಿಸಿಯಾಯಿತು.

"ಹಗ್ಗ ಸಡಿಲ ಆಗೈತೇನೋ, ನಿಲ್ಸು."

"ಸಡಿಲ ಆಗಿದ್ರೆ ಒಂದೇ ಏಟು ಹೊಡೀತಿದ್ದ, ಮೇಸ್ತ್ರಿ. ಇದು ಡಬಲ್ಲು. ಜೋರಾಗಿ ಹೋಗು ಅಂತಾವ್ನೆ."

ಡ್ರೈವರ್ ವೇಗ ಹೆಚ್ಚಿಸಿದ. ಬಡಿತವೂ ಹೆಚ್ಚಾಯಿತು, ಎರಡೂ ಕೈಯಿಂದ ಬಡಿದ ಹಾಗೆ. ಡಬ್ ಡಬ್, ಡಬ್ ಡಬ್.

"ಮನೆ ಸೇರೋಕೆ ಎಷ್ಟು ಆತುರ ನೋಡಿ ಅವನಿಗೆ!" ಎಂದು ನಕ್ಕ.

ಮುಂದೆ ರೈಲ್ವೆ ಸೇತುವೆ. ಎತ್ತರದ ಗಾಡಿಗಳು ಅದರಡಿ ನುಗ್ಗದಂತೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ತೊಲೆ ಹಾಕಿದ್ದರು.

"ನಿಧಾನ ಕಣೋ, ಏಣಿ ತಾಗೀತು."

"ದಿನಾ ಹೋಗಲ್ವಾ? ಏಣಿ ಮೇಲೆ ಇನ್ನೂ ಒಂದು ಗೇಣು ಜಾಗ ಉಳೀತೈತೆ."

ಮನಸ್ಸು ತಡೆಯದೆ ಮೇಸ್ತ್ರಿ ಹಿಂದಕ್ಕೆ ತಿರುಗಿ ನೋಡಿದ. ಬಣ್ಣದ ಡಬ್ಬಗಳ ನಡುವೆ ಮಾದೇಶನ ಚಪ್ಪಲಿಗಳು ಮಾತ್ರ ಇದ್ದವು.

"ಅಯ್ಯೋ, ಹಿಂದೆ ಯಾರೂ ಇಲ್ವಲ್ಲೋ!"

ಡ್ರೈವರನ ಕಾಲು ಬ್ರೇಕಿಗೆ ಹೋಗುವ ಮೊದಲೇ ಗಾಡಿ ತೊಲೆಯಡಿ ನುಗ್ಗಿತು. ಟಾಪಿನ ಮೇಲೆ ಒಂದೇ ಒಂದು ಏಟು ಬಿತ್ತು.