ಹಾಡಿನ ಕೊನೆಯ ಸಾಲು

ಹಾಡು ಮುಗಿಯುವ ಹೊತ್ತಾಯಿತೆಂದು ಮುಂದಿನ ಸೀಟಿನ ಹೆಂಗಸು ಬ್ಯಾಗು ಹೆಗಲಿಗೇರಿಸಿ ಎದ್ದು ನಿಂತಾಗ ಹಿಂದೆ ಕೂತಿದ್ದ ನಿರ್ದೇಶಕ ಹಣೆ ಚಚ್ಚಿಕೊಂಡ. ಸಿನಿಮಾ ಬಿಡುಗಡೆಯಾದಾಗಿನಿಂದ ಇದೇ ಪಾಡು. ಎಲ್ಲರ ಬಾಯಲ್ಲೂ ಇರುವ ಆ ಹಾಡಿಗೆಂದೇ ಜನ ಬರುತ್ತಾರೆ, ದನಿಗೂಡಿಸಿ ಹಾಡುತ್ತಾರೆ, ಅದು ಮುಗಿದದ್ದೇ ಎದ್ದು ಹೋಗುತ್ತಾರೆ.

"ನಿನ್ನ ಹಾಡು ಜನರನ್ನ ಕರ್ಕೊಂಡೂ ಬರುತ್ತೆ, ಮನೆಗೂ ಕಳಿಸುತ್ತೆ," ಎಂದು ಪಕ್ಕದಲ್ಲಿದ್ದ ಭಾಮೈದನ ಮೇಲೆ ಗೊಣಗಿದ. ರಾಗ ಹಾಕಿದವನು ಅವನೇ. ಒಂದು ಸ್ವರಕ್ಕೂ ಕತ್ತರಿ ಬೀಳಲು ಬಿಡದ ಹಟಮಾರಿ.

"ಸ್ವಲ್ಪ ಸುಮ್ನೆ ನೋಡಿ, ಭಾವ."

ಕೊನೆಯ ಸಾಲು ಹಾಡಲು ಇಡೀ ಚಿತ್ರಮಂದಿರ ಉಸಿರೆಳೆದುಕೊಂಡಿತು. ವಾದ್ಯಗಳು ನಿಂತವು. ಸಾಲು ಬರಲೇ ಇಲ್ಲ. ತೆರೆಯ ಮೇಲೆ ನಾಯಕಿ ಬಾಗಿಲು ತೆರೆದು ಹೊರನಡೆದಳು, ಕಥೆ ಮುಂದುವರಿಯಿತು.

"ಆ ಸಾಲೆಲ್ಲಿ ಹೋಯ್ತೋ?"

"ಕ್ಲೈಮ್ಯಾಕ್ಸಿಗೆ. ಬೆಳಿಗ್ಗೆ ಎಡಿಟರ್ ಪಕ್ಕ ಕೂತು ನಾನೇ ಕತ್ತರಿಸಿದೆ," ಎಂದ ಭಾಮೈದ, ತನ್ನ ಉಗುರುಗಳನ್ನೇ ನೋಡುತ್ತ.

ಹೆಂಗಸು ತೆರೆದ ಬಾಯಿ ಮುಚ್ಚದೆ ನಿಂತಿದ್ದಳು. ಗಂಡ ಕೈ ಜಗ್ಗಿದ. "ನಡಿ, ಆಮೇಲೆ ಬಸ್ಸು ರಶ್ಶಾಗುತ್ತೆ."

"ತಡೀರಿ, ಹಾಡು ಇನ್ನೂ ಮುಗಿದಿಲ್ಲ."

ಅವಳು ಕೂತಳು. ಬ್ಯಾಗು ಹೆಗಲಿನಿಂದ ತೊಡೆಗಿಳಿಯಿತು.