ಅಜ್ಜಿ ಉಂಡ ಗೋಬರ್ ಗ್ಯಾಸಿನ ಗಂಜಿ

ಕದಡಿದ ಸೆಗಣಿಯ ವಾಸನೆ ಬಂದರೆ ಈಗಲೂ ಬೆಳುವಾಯಿಯ ನಮ್ಮ ಅಡುಗೆಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಒಲೆಯ ಹೊಗೆಯಿಂದ ಬಂದ ಅಮ್ಮನ ಕೆಮ್ಮು ಕಡಿಮೆಯಾಗಲೆಂದು ಅಪ್ಪ ದನದ ಹಟ್ಟಿಯ ಪಕ್ಕ ಗೋಬರ್ ಗ್ಯಾಸ್ ಕಟ್ಟಿಸಿದ್ದರು. "ಸೆಗಣಿ ಬೆಂಕಿಯ ಗಂಜಿ ನನಗೆ ಬೇಡ ಮಾರಾಯ," ಎಂದು ಅಜ್ಜಿ ಹಟ ಹಿಡಿದರು. "ನೆಲ ಸಾರಿಸ್ಲಿಕ್ಕೆ ಆಗ್ತದೆ, ಗಂಜಿಗೆ ಆಗುದಿಲ್ವಾ?" ಎಂದು ಅಪ್ಪ ಕೇಳಿದರೂ ಅಜ್ಜಿ ಜಗ್ಗಲಿಲ್ಲ. ಅವರೊಬ್ಬರಿಗಾಗಿ ಅಮ್ಮ ದಿನವೂ ಸೌದೆಯ ಒಲೆ ಊದುತ್ತಿದ್ದಳು.

ಆ ಮಧ್ಯಾಹ್ನ ಅಮ್ಮ ಕೆಮ್ಮಿ ಕೆಮ್ಮಿ ಗೋಡೆಗೊರಗಿದಳು. "ಸಾಕು ಮಾರಾಯ್ತಿ, ಇನ್ನು ಊದಬೇಡ," ಎಂದ ಅಜ್ಜಿ ಒಲೆಗೆ ನೀರು ಸುರಿದು, ಗ್ಯಾಸಿನ ತಿರುಪು ಯಾವ ಕಡೆಗೆಂದು ನನ್ನನ್ನು ಕೇಳಿದರು. ನೀಲಿ ಬೆಂಕಿಯ ಮೇಲೆ ಗಂಜಿ ಬೆಂದಿತು. ದಿನವೂ ಎಲ್ಲರ ಊಟವಾದ ಮೇಲೆ ಒಬ್ಬಳೇ ಉಣ್ಣುತ್ತಿದ್ದ ಅಮ್ಮನಿಗೆ ಅಂದು ಅಜ್ಜಿ ತಮ್ಮ ಪಕ್ಕದಲ್ಲೇ ಬಟ್ಟಲಿಟ್ಟು ಬಡಿಸಿದರು.